ಒಂದು ಘನ ಅಡಿ ನೀರು

ಒಂದು ಘನ ಅಡಿ ನೀರು ಅರವತ್ತೆರಡೂವರೆ ಪೌಂಡ್ ತೂಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಮುಧೋಳದಲ್ಲಿ ಕೇಳಿದ್ದೆ. ನಾಯಿಗೆ ಹೆಸರಾದ ಬಾಗಲಕೋಟೆ ಕಡೆಯ ಮುಧೋಳವಲ್ಲ. ಇದು ಸೇಡಂ ತಾಲ್ಲೂಕಿನದು, ತೆಲಂಗಾಣದ ಗಡಿಗೆ ಹತ್ತಿದ್ದು. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ಅರವತ್ತರ ದಶಕದಲ್ಲಿ ಕೆರೆ ಬಾವಿಗಳ ಅಳತೆಗೆ ಬರುತ್ತಿದ್ದ ಓವರ್‌ಸಿಯರ್ ಒಬ್ಬರು ನಮ್ಮ ಪಡಸಾಲೆಯಲ್ಲಿ ಇಳಿದುಕೊಳ್ಳುತ್ತಿದ್ದರು. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಕಲಿತವರು. ಕಂದೀಲಿನ ಬೆಳಕಿನಲ್ಲಿ ಅಳತೆ ಪುಸ್ತಕ ಬಿಚ್ಚಿಕೊಂಡು ಕೂತಾಗ ಅವರ ಬಾಯಿಂದ ಈ ಅರವತ್ತೆರಡೂವರೆ ಮಂತ್ರದ ಹಾಗೆ ಬರುತ್ತಿತ್ತು. ಸರ್ಕಾರ ಅಷ್ಟರಲ್ಲಾಗಲೇ ಲೀಟರು, ಕಿಲೋ ಕೇಳತೊಡಗಿತ್ತು. ಅವರು ಅಡಿ, ಪೌಂಡುಗಳಲ್ಲಿ ಲೆಕ್ಕ ಮುಗಿಸಿ ಕೊನೆಯ ಸಾಲಿನಲ್ಲಿ ಮಾತ್ರ ಮೆಟ್ರಿಕ್‌ಗೆ ಇಳಿಸುತ್ತಿದ್ದರು.

ನಮ್ಮ ಕಡೆಯವರಿಗೆ ಅಳತೆ ಬದಲಾಗುವುದೇನೂ ಹೊಸದಲ್ಲ. 1956ರ ನವೆಂಬರಿನಲ್ಲಿ ಗುಲಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಅದೇ ವರ್ಷ ತೂಕ ಅಳತೆಗಳ ಕಾಯ್ದೆಯೂ ಆಯಿತು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ, 1958ರ ಅಕ್ಟೋಬರ್‌ನಿಂದ ಕಿಲೋ. ಹಿರಿಯರು ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದ ಲೆಕ್ಕವನ್ನೂ ಮರೆತಿರಲಿಲ್ಲ. ನಮ್ಮ ಮನೆಯಲ್ಲಿ ಜೋಳ, ತೊಗರಿ ಅಳೆಯುವ ಸೇರು, ಪಾಯಲಿ ಮೂಲೆ ಸೇರಲು ಬಹಳ ವರ್ಷ ಹಿಡಿಯಿತು. ಸೇರು ಅಳೆಯುವುದು ಗಾತ್ರವನ್ನು. ತಕ್ಕಡಿ ಹೇಳುವುದು ತೂಕವನ್ನು. ಒಂದು ಸೇರು ಜೋಳವೂ ಒಂದು ಸೇರು ತೊಗರಿಯೂ ಒಂದೇ ತೂಕ ಬರುವುದಿಲ್ಲ. ಅದೇ ತೊಗರಿ ಹೊಸದಾಗಿ ರಾಶಿಯಾದಾಗ ಒಂದು ತೂಕ, ಬಿಸಿಲಿಗೆ ಒಣಗಿದ ಮೇಲೆ ಇನ್ನೊಂದು. ಅಡತಿಗೆ ಹೋಗುವ ಮುಂಚೆ ಅಪ್ಪ ಒಂದು ಸೇರು ಅಳೆದು ತೂಗಿ ನೋಡುತ್ತಿದ್ದರು. ಒಂದು ತೂಕದ ಪದಾರ್ಥ ಎಷ್ಟು ಜಾಗ ಹಿಡಿಯುತ್ತದೆ ಎಂಬ ಪ್ರಶ್ನೆ ಅದು. ಎಂಜಿನಿಯರಿಂಗ್‌ನಲ್ಲಿ ಅದಕ್ಕೆ ಸ್ಪೆಸಿಫಿಕ್ ವಾಲ್ಯೂಮ್, ವಿಶಿಷ್ಟ ಗಾತ್ರ ಎನ್ನುತ್ತಾರೆ. ಸಾಂದ್ರತೆಯನ್ನು ತಲೆಕೆಳಗು ಮಾಡಿದರೆ ಸಿಗುವುದು ಅದೇ.

ಎಪ್ಪತ್ತರ ದಶಕದಲ್ಲಿ ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದೆ. 1958ರಲ್ಲಿ ಶುರುವಾದ ಕಾಲೇಜು. ನಮ್ಮ ಭಾಗದ ಹಳ್ಳಿಗಳ ಎಷ್ಟೋ ಹುಡುಗರು ಎಂಜಿನಿಯರಾದದ್ದು ಅಲ್ಲಿಂದಲೇ. ಗ್ರಂಥಾಲಯದಲ್ಲಿ ಸ್ಟೀಮ್ ಟೇಬಲ್, ಎಂದರೆ ಯಾವ ಒತ್ತಡದಲ್ಲಿ ಆವಿ ಎಷ್ಟು ಜಾಗ ಹಿಡಿಯುತ್ತದೆ ಎಂಬ ಅಂಕಿಪಟ್ಟಿ, ಎರಡು ಬಗೆಯದಿತ್ತು. ಹಳೆಯದರಲ್ಲಿ ಪೌಂಡಿಗೆ ಎಷ್ಟು ಘನ ಅಡಿ ಎಂದು, ಹೊಸದರಲ್ಲಿ ಕಿಲೋಗೆ ಎಷ್ಟು ಘನ ಮೀಟರ್ ಎಂದು. ಕಲಿಸುವವರು ಅಡಿ, ಪೌಂಡುಗಳಲ್ಲಿ ಕಲಿತವರು, ಪರೀಕ್ಷೆ ಮೆಟ್ರಿಕ್‌ನದು, ಅದರ ಮೇಲೆ ಎಸ್‌ಐ ಮಾನಗಳು ಬೇರೆ ಬರತೊಡಗಿದ್ದವು. ನಾವು ಮೂರೂ ಕಲಿಯಬೇಕಾಯಿತು. ಅದು ನಮ್ಮ ತಲೆಮಾರಿಗೆ ಸಿಕ್ಕ ದೊಡ್ಡ ಅನುಕೂಲ ಎಂದೇ ಈಗಲೂ ನಾನು ಹೇಳುತ್ತೇನೆ. ಒಂದೇ ಸ್ಟೀಮನ್ನು ಎರಡು ಅಂಕಿಗಳಲ್ಲಿ ನೋಡಿದವನಿಗೆ ಅಂಕಿ ಬೇರೆ, ಸ್ಟೀಮು ಬೇರೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಪರಿವರ್ತನೆ ಸಣ್ಣ ಲೆಕ್ಕ. ಒಂದು ಅಡಿ ಎಂದರೆ 0.3048 ಮೀಟರ್, ಅದನ್ನು ಮೂರು ಸಲ ಗುಣಿಸಿದರೆ ಒಂದು ಘನ ಅಡಿ 0.028317 ಘನ ಮೀಟರ್. ಒಂದು ಪೌಂಡ್ 0.453592 ಕಿಲೋ. ವಿಶಿಷ್ಟ ಗಾತ್ರದಲ್ಲಿ ಪೌಂಡು ಕೆಳಗಿರುವುದರಿಂದ ಭಾಗಿಸಬೇಕು. ಬರುವುದು 0.062428. ಪೌಂಡಿಗೆ ಒಂದು ಘನ ಅಡಿ ಎಂದರೆ ಕಿಲೋಗೆ 0.062428 ಘನ ಮೀಟರ್. ತಿರುಗಿಸಿದರೆ 16.018. ಹುಡುಗರು ಎಡವುವುದು ಎರಡು ಕಡೆ. ಒಂದು, ಮೇಲಿನ ಅಡಿಯನ್ನು ಬದಲಿಸಿ ಕೆಳಗಿನ ಪೌಂಡನ್ನು ಹಾಗೇ ಬಿಡುವುದು. ಇನ್ನೊಂದು, ಭಾಗಿಸುವ ಕಡೆ ಗುಣಿಸುವುದು. ಕ್ಯಾಲ್ಕುಲೇಟರಿಗೆ ಎರಡೂ ಒಂದೇ. ಎಂಟು ಅಂಕಿಯ ಉತ್ತರ ಕೊಟ್ಟು ಸುಮ್ಮನಾಗುತ್ತದೆ.

ಆ ಎಡವಟ್ಟನ್ನು ತಡೆಯುವ ದಾರಿಯನ್ನು ನನಗೆ ಕಾಲೇಜು ಕಲಿಸಲಿಲ್ಲ. ವಾಡಿ–ಶಹಾಬಾದ ಪಟ್ಟಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲೊಬ್ಬ ಹಿರಿಯ ಫೋರ್‌ಮನ್ ಇದ್ದರು. ರೈಲ್ವೆಯಲ್ಲಿ ಸ್ಟೀಮ್ ಎಂಜಿನ್‌ಗಳ ಜೊತೆ ಬೆಳೆದು ಬಂದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಆ ದಿನಗಳ ವಾಡಿಯನ್ನು ನೋಡಿದವರಿಗೆ ನೆನಪಿರಬಹುದು: ಮುಂಬೈ–ಮದ್ರಾಸ್ ದಾರಿಗೆ ಸಿಕಂದರಾಬಾದಿನ ದಾರಿ ಬಂದು ಕೂಡುವ ಜಂಕ್ಷನ್, ಒಂದು ಕಡೆ ಎಂಜಿನ್ ಹೊಗೆ, ಇನ್ನೊಂದು ಕಡೆ 1968ರಿಂದ ನಡೆದ ಎಸಿಸಿ ಸಿಮೆಂಟ್ ಕಾರ್ಖಾನೆಯ ಧೂಳು. ಡಬ್ಲ್ಯುಜಿ, ಡಬ್ಲ್ಯುಪಿ ಎಂಜಿನ್‌ಗಳ ಬಾಯ್ಲರ್ ಒತ್ತಡ 210 ಪೌಂಡ್, ಎಂದರೆ ಚದರ ಇಂಚಿಗೆ (ಪಿಎಸ್‌ಐ). ಚಾಚಾರಿಗೆ ಆ ಅಂಕಿ ಮೈಯಲ್ಲೇ ಇತ್ತು.

ನಾನೊಂದು ಲೆಕ್ಕ ಹಿಡಿದು ಹೋದಾಗ ಅವರು ಕಾಗದ ನೋಡಲೇ ಇಲ್ಲ.

"ಪೈಲೇ ನೀರಿಗಿ ಕೇಳು ಬೇಟಾ. ನೀರು ಏನಂತದ ನೋಡು, ಆಮ್ಯಾಲ ಸ್ಟೀಮಿನ ಮಾತಾಡು."

ಅಂದರೆ ಇಷ್ಟು: ಯಾವ ಅಂಕಿಯನ್ನೇ ಬದಲಿಸುವ ಮುಂಚೆ ನೀರಿನ ಅಂಕಿಯನ್ನು ಅದೇ ದಾರಿಯಲ್ಲಿ ಹಾಯಿಸಿ ನೋಡು. ತಣ್ಣೀರಿಗೆ ಹಳೆಯ ಟೇಬಲ್ಲಿನಲ್ಲಿ ಪೌಂಡಿಗೆ 0.01602 ಘನ ಅಡಿ. ಹೊಸದರಲ್ಲಿ ಕಿಲೋಗೆ 0.001 ಘನ ಮೀಟರ್. ಅಂಕಿ ಸಣ್ಣದಾಗಬೇಕು, ಹದಿನಾರು ಪಟ್ಟು. ನಿನ್ನ ಲೆಕ್ಕದಲ್ಲಿ ಅದು ದೊಡ್ಡದಾದರೆ ದಾರಿ ತಪ್ಪಿದೆ. ಮುಂದೆ ಹೋಗುವುದೇ ಬೇಡ.

ಆಮೇಲೆ ನಾನೇ ಕೂತು ಯೋಚಿಸಿದಾಗ ಓವರ್‌ಸಿಯರ್ ಸಾಹೇಬರ ಮಂತ್ರವೂ ಚಾಚಾರ ಮಾತೂ ಒಂದೇ ಕಡೆ ಬಂದು ನಿಂತವು. ಒಂದು ಘನ ಅಡಿ ನೀರಿನ ಸರಿಯಾದ ತೂಕ 62.4 ಪೌಂಡ್, ಅರವತ್ತೆರಡೂವರೆ ಎಂಬುದು ಹಳಬರು ಅನುಕೂಲಕ್ಕೆ ಇಟ್ಟುಕೊಂಡದ್ದು, ಏಕೆಂದರೆ ಅದು ಸರಿಯಾಗಿ ಸಾವಿರ ಔನ್ಸ್. ಪರಿವರ್ತನೆಯ ಅಂಕಿ 0.062428. ಅಂಕೆಗಳು ಅವವೇ, ದಶಾಂಶ ಬಿಂದು ಮಾತ್ರ ಸರಿದಿದೆ. ಇದು ಆಕಸ್ಮಿಕವಲ್ಲ. ಫ್ರಾನ್ಸಿನಲ್ಲಿ 1795ರಲ್ಲಿ ಗ್ರಾಮನ್ನು ಗೊತ್ತು ಮಾಡಿದಾಗ ಒಂದು ಘನ ಸೆಂಟಿಮೀಟರ್ ನೀರಿನ ತೂಕವನ್ನೇ ಗ್ರಾಂ ಎಂದರು. ಹಾಗಾಗಿ ಒಂದು ಘನ ಮೀಟರ್ ನೀರು ಸಾವಿರ ಕಿಲೋ. ಮೆಟ್ರಿಕ್ ಪದ್ಧತಿಯ ಬುಡದಲ್ಲೇ ನೀರು ಕೂತಿರುವುದರಿಂದ, ಪೌಂಡ್‌ಗಳಲ್ಲಿ ನೀರಿನ ತೂಕ ಬಲ್ಲವನ ಕೈಯಲ್ಲಿ ಪರಿವರ್ತನೆಯ ಬೀಗದ ಕೈ ಮೊದಲಿಂದಲೂ ಇತ್ತು. ಕೆರೆಯಂಗಳದಲ್ಲಿ ಟೇಪು ಹಿಡಿದು ಓಡಾಡಿದ ಓವರ್‌ಸಿಯರ್ ಸಾಹೇಬರು ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದರು. ಈ ಸಂಬಂಧ ನನಗೆ ಹೊಳೆದ ಸಂಜೆಯ ಸಂತೋಷ, ಇಷ್ಟು ವರ್ಷದ ಮೇಲೂ ನೆನೆದಾಗ ಹಾಗೇ ಇದೆ.

ಗುಣಾಕಾರ ಸರಿಯಾದರೆ ಕೆಲಸ ಮುಗಿಯುವುದಿಲ್ಲ. ನಾನು ಈ ಬರಹ ಬರೆಯಲು ಕೂತದ್ದೇ ಅದರ ಸಲುವಾಗಿ. ನೀರಿಗೆ ಹೆಚ್ಚು ಷರತ್ತುಗಳಿಲ್ಲ. ಸ್ಟೀಮಿಗೆ, ಗಾಳಿಗೆ ಇವೆ. ಯಾವ ಒತ್ತಡ, ಯಾವ ಉಷ್ಣತೆ ಎಂದು ಹೇಳದೆ ಅವುಗಳ ವಿಶಿಷ್ಟ ಗಾತ್ರವನ್ನು ಹೇಳಿದರೆ ಏನೂ ಹೇಳಿದಂತಾಗಲಿಲ್ಲ.

ಪುಸ್ತಕದಲ್ಲಿ 212 ಡಿಗ್ರಿ ಫ್ಯಾರನ್‌ಹೀಟ್‌ನ ಸ್ಟೀಮು ಪೌಂಡಿಗೆ 26.8 ಘನ ಅಡಿ. 0.062428ರಿಂದ ಗುಣಿಸಿ: ಕಿಲೋಗೆ 1.673 ಘನ ಮೀಟರ್. ಮೆಟ್ರಿಕ್ ಟೇಬಲ್ಲಿನಲ್ಲಿ 100 ಡಿಗ್ರಿಯ ಎದುರು ಅದೇ ಅಂಕಿ ಕಾಣುತ್ತದೆ. ಆದರೆ ಅದು ಸಮುದ್ರಮಟ್ಟದ ಮಾತು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಗಾಳಿಯ ಒತ್ತಡ ಅಷ್ಟಕ್ಕೇ ನೂರಕ್ಕೆ ಐದರಷ್ಟು ಕಡಿಮೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98.5 ಡಿಗ್ರಿಗೇ ಕುದಿಯುತ್ತದೆ, ಏಳುವ ಆವಿ ಕಿಲೋಗೆ 1.76 ಘನ ಮೀಟರ್ ಹಿಡಿಯುತ್ತದೆ.

ಇನ್ನೂ ದೊಡ್ಡ ಗುಂಡಿ ಗೇಜ್ ಒತ್ತಡದ್ದು. ಬಾಯ್ಲರಿನ ಗೇಜಿನ ಮುಳ್ಳು ಸೊನ್ನೆ ತೋರಿಸುವಾಗಲೂ ಒಳಗೆ ಹೊರಗಿನಷ್ಟೇ ಗಾಳಿಯ ಒತ್ತಡ ಇರುತ್ತದೆ, ಸಮುದ್ರಮಟ್ಟದಲ್ಲಾದರೆ ಚದರ ಇಂಚಿಗೆ 14.7 ಪೌಂಡ್. ಸ್ಟೀಮ್ ಟೇಬಲ್‌ಗಳು ಅದನ್ನು ಸೇರಿಸಿದ ಪೂರ್ಣ (ಆಬ್ಸೊಲ್ಯೂಟ್) ಒತ್ತಡ ಕೇಳುತ್ತವೆ. ಚಾಚಾರ 210 ಪೌಂಡಿನ ಎಂಜಿನ್‌ನಲ್ಲಿ ಅದನ್ನು ಮರೆತರೆ ವಿಶಿಷ್ಟ ಗಾತ್ರ ನೂರಕ್ಕೆ ಏಳರಷ್ಟು ತಪ್ಪಬಹುದು: 2.04 ಇರಬೇಕಾದದ್ದು 2.18 ಆಗುತ್ತದೆ. ಹದಿನೈದು ಪೌಂಡಿನ ಸ್ಟೀಮಿನಲ್ಲಿ ಮರೆತರೋ? ಆಸ್ಪತ್ರೆಯ ಆಟೋಕ್ಲೇವ್, ಅಡುಗೆಮನೆಯ ಕುಕ್ಕರ್ ಎರಡೂ ನಡೆಯುವುದು ಅದೇ ಒತ್ತಡದ ಆಸುಪಾಸಿನಲ್ಲಿ. ಗೇಜ್ ಹದಿನೈದಕ್ಕೆ ಪೌಂಡಿಗೆ 13.9 ಘನ ಅಡಿ, ಕಿಲೋಗೆ 0.867 ಘನ ಮೀಟರ್. ಅದೇ ಹದಿನೈದನ್ನು ಪೂರ್ಣ ಒತ್ತಡವೆಂದು ತಿಳಿದು ಟೇಬಲ್ ತೆರೆದರೆ 26.3 ಘನ ಅಡಿ. ಹತ್ತಿರ ಹತ್ತಿರ ಎರಡು ಪಟ್ಟು! ಪೌಂಡಿನಿಂದ ಕಿಲೋಗೆ ನೀವು ಎಷ್ಟೇ ನಿಖರವಾಗಿ ದಾಟಿದರೂ ಆ ಎರಡು ಪಟ್ಟು ತಪ್ಪು ನಿಮ್ಮ ಜೊತೆಗೇ ದಾಟುತ್ತದೆ.

ನಾನು ಈ ಷರತ್ತುಗಳ ಜೊತೆ ಹೆಚ್ಚು ಕಾಲ ಕಳೆದದ್ದು ಸ್ಟೀಮಿನಲ್ಲಲ್ಲ, ಗಾಳಿಯಲ್ಲಿ. ಸಿಮೆಂಟ್ ಕಾರ್ಖಾನೆ ಎಂದರೆ ಎಲ್ಲರ ಕಣ್ಣು ಕಿಲ್ನ್ ಎಂಬ ಸುಡುವ ಕುಲುಮೆಯ ಮೇಲೆ. ಅದರ ಸುತ್ತ ದೊಡ್ಡ ದೊಡ್ಡ ಫ್ಯಾನ್‌ಗಳಿರುತ್ತವೆ, ಉಸಿರಾಟ ಅವುಗಳದು. ಎಂಬತ್ತರ ದಶಕದಲ್ಲಿ ಮಳಖೇಡದಲ್ಲಿ, ಸೇಡಂನಲ್ಲಿ ಹೊಸ ಕಾರ್ಖಾನೆಗಳು ಎದ್ದವು. ಯಂತ್ರಗಳ ಕಾಗದಪತ್ರ ನಾನಾ ದೇಶಗಳ ಮಾನಗಳಲ್ಲಿ ನಮ್ಮ ಮೇಜಿಗೆ ಬರುತ್ತಿದ್ದವು. ಅಮೆರಿಕ ಕಡೆಯ ಫ್ಯಾನ್ ಪಟ್ಟಿಯಲ್ಲಿ ಗಾಳಿ ಘನ ಅಡಿಗೆ 0.075 ಪೌಂಡ್ ಎಂದೇ ಹಿಡಿದಿರುತ್ತಾರೆ. ಎಂದರೆ ಪೌಂಡಿಗೆ 13.33 ಘನ ಅಡಿ. ಅದು 70 ಡಿಗ್ರಿ ಫ್ಯಾರನ್‌ಹೀಟ್‌ನ, ಕಡಲ ತೀರದ ಗಾಳಿ. ಮೆಟ್ರಿಕ್‌ಗೆ ತಂದರೆ ಕಿಲೋಗೆ 0.832 ಘನ ಮೀಟರ್. ಲೆಕ್ಕ ಸರಿ. ಆದರೆ ನಮ್ಮ ಮೇ ತಿಂಗಳ ಗಾಳಿ ಎಂಥದು? 42 ಡಿಗ್ರಿ ಸೆಲ್ಸಿಯಸ್ ಬಿಸಿಲು, ಮೇಲೆ ಆ 450 ಮೀಟರ್ ಎತ್ತರ. ಎರಡನ್ನೂ ಹಿಡಿದರೆ ಕಿಲೋಗೆ ಸುಮಾರು 0.94 ಘನ ಮೀಟರ್, ಪೌಂಡಿಗೆ 15 ಘನ ಅಡಿ. ಕಿಲ್ನ್‌ಗೆ, ಅದರಿಂದ ಬರುವ ಕ್ಲಿಂಕರ್ ಉಂಡೆಗಳನ್ನು ತಣಿಸುವ ಕೂಲರ್‌ಗೆ ಬೇಕಾದದ್ದು ಕಿಲೋಗಟ್ಟಲೆ ಗಾಳಿ. ಫ್ಯಾನ್ ತಳ್ಳುವುದು ಘನ ಅಡಿಗಟ್ಟಲೆ. ಅಷ್ಟೇ ಕಿಲೋ ಬೇಕೆಂದರೆ ನೂರಕ್ಕೆ ಹದಿಮೂರರಷ್ಟು ಹೆಚ್ಚು ಗಾತ್ರವನ್ನು ತಳ್ಳಬೇಕು. ಒಂದು ಕಾರ್ಖಾನೆಯಲ್ಲಿ ಬೇಸಿಗೆ ಬಂತೆಂದರೆ ಕ್ಲಿಂಕರ್ ಕೆಂಪಗೇ ಹೊರಬೀಳುತ್ತಿತ್ತು. ಫ್ಯಾನಿನ ರೆಕ್ಕೆ, ಬೆಲ್ಟು, ಮೋಟಾರ್ ಎಲ್ಲ ಬಿಚ್ಚಿ ನೋಡಿದರು. ಫ್ಯಾನ್ ಪಟ್ಟಿಯಲ್ಲಿದ್ದಷ್ಟೇ ಘನ ಅಡಿ ಕೊಡುತ್ತಿತ್ತು. ಆ ಅಡಿಯೊಳಗೆ ಗಾಳಿಯೇ ಕಡಿಮೆ ಇತ್ತು.

ಇದರದೇ ಇನ್ನೊಂದು ರೂಪ ನಾರ್ಮಲ್ ಘನ ಮೀಟರ್. ಸಿಮೆಂಟಿನವರು ಕಿಲ್ನ್ ಅನಿಲವನ್ನು ಕಿಲೋ ಕ್ಲಿಂಕರಿಗೆ ಇಷ್ಟು ನಾರ್ಮಲ್ ಘನ ಮೀಟರ್ ಎಂದು ಹೇಳುತ್ತಾರೆ. ಕಚ್ಚಾ ಪುಡಿಯನ್ನು ಬಿಸಿ ಮಾಡುವ ಪ್ರೀಹೀಟರ್ ದಾಟಿ ಬರುವಾಗ ಅದು ಒಂದೂವರೆಯ ಆಸುಪಾಸು. ಈ ನಾರ್ಮಲ್ ಎಂಬುದು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಲೆಕ್ಕ. ಅಮೆರಿಕದವರ ಸ್ಟ್ಯಾಂಡರ್ಡ್ ಘನ ಅಡಿ 70 ಅಥವಾ 60 ಡಿಗ್ರಿ ಫ್ಯಾರನ್‌ಹೀಟ್‌ನದು. ಒಂದು ಘನ ಮೀಟರಿಗೆ 35.3 ಘನ ಅಡಿ ಎಂದು ಶಾಲೆಯಲ್ಲಿ ಕಲಿತದ್ದನ್ನೇ ಇಲ್ಲಿ ಹಚ್ಚಿದರೆ ತಪ್ಪುತ್ತದೆ. ಒಂದು ನಾರ್ಮಲ್ ಘನ ಮೀಟರ್ ಅನಿಲ 70 ಡಿಗ್ರಿಗೆ ಬೆಚ್ಚಗಾದಾಗ 38 ಘನ ಅಡಿ.

ಮಳಖೇಡದ ಹೆಸರು ಬಂದ ಮೇಲೆ ಇದನ್ನು ಹೇಳದೆ ಮುಂದೆ ಹೋಗಲಾರೆ. ಕಾಗಿಣಾ ನದಿಯ ದಂಡೆಯ ಅದೇ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಲೆಕ್ಕ ಶುರು ಮಾಡುವ ಮುಂಚೆ ಮಹಾವೀರಾಚಾರ್ಯ ಧಾನ್ಯದ, ಬಂಗಾರದ, ಬೆಳ್ಳಿಯ, ನೆಲದ, ಕಾಲದ ಅಳತೆಗಳನ್ನು ಒಂದೊಂದಾಗಿ ಹೇಳಿಬಿಡುತ್ತಾನೆ. ಯಾವ ಮಾನದಲ್ಲಿ ಮಾತಾಡುತ್ತಿದ್ದೇವೆ ಎಂಬುದು ಮೊದಲು, ಲೆಕ್ಕ ಆಮೇಲೆ. ಮುಂದೆ ತ್ರೈರಾಶಿಕ ಬರುತ್ತದೆ: ಪ್ರಮಾಣ, ಫಲ, ಇಚ್ಛೆ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು. ನಾನು ಹೊಸ ಹುಡುಗರಿಗೆ ಪರಿವರ್ತನೆ ಕಲಿಸುವಾಗ ಇಂಗ್ಲಿಷ್ ಪುಸ್ತಕಕ್ಕಿಂತ ಇದನ್ನೇ ಹೆಚ್ಚು ಬಳಸಿದೆ. ಗೇಜ್ ಒತ್ತಡ, ಪೂರ್ಣ ಒತ್ತಡ ಒಂದೇ ಜಾತಿಯಲ್ಲ. ಸೊನ್ನೆ ಡಿಗ್ರಿಯ ಘನ ಮೀಟರೂ ನಲವತ್ತೆರಡು ಡಿಗ್ರಿಯ ಘನ ಮೀಟರೂ ಒಂದೇ ಜಾತಿಯಲ್ಲ. ನಮ್ಮ ಕಾರ್ಖಾನೆಗಳ ಬೇಲಿಯಾಚೆ ನಿಂತರೆ ಕಾಣುವ ಊರಿನಲ್ಲಿ ಈ ಶಿಸ್ತು ಸಾವಿರ ವರ್ಷಕ್ಕೂ ಹಿಂದಿನಿಂದ ಇತ್ತು ಎಂಬುದು ಆ ಹುಡುಗರಿಗೆ ತಿಳಿದಿರಬೇಕು ಅನಿಸುತ್ತಿತ್ತು.

ಕಾರ್ಖಾನೆಯ ಹೊರಗೆ ಗೌಂಡಿಗಳಿಗೂ ಈ ಲೆಕ್ಕ ಬೇಕು. ಹಿಂದೆ ಸಿಮೆಂಟ್ ಚೀಲ 112 ಪೌಂಡಿನದು, ಇಪ್ಪತ್ತು ಚೀಲಕ್ಕೆ ಒಂದು ಟನ್. ಸಡಿಲ ಸಿಮೆಂಟು ಘನ ಅಡಿಗೆ 90 ಪೌಂಡ್ ಎಂದು ಹಿಡಿದರೆ ಒಂದು ಚೀಲ ಸುಮಾರು ಒಂದೂಕಾಲು ಘನ ಅಡಿ. ಅದನ್ನು ಅಳೆಯಲು ಒಂದಡಿ ಉದ್ದ, ಒಂದಡಿ ಅಗಲ, ಹದಿನೈದಿಂಚು ಎತ್ತರದ ಕಟ್ಟಿಗೆಯ ಪೆಟ್ಟಿಗೆ, ಫರ್ಮಾ. ಈಗ ಚೀಲ 50 ಕಿಲೋ, ಘನ ಮೀಟರಿಗೆ 1440 ಕಿಲೋ, ಫರ್ಮಾ 35 ಲೀಟರ್: ನಲವತ್ತು, ಮೂವತ್ತೈದು, ಇಪ್ಪತ್ತೈದು ಸೆಂಟಿಮೀಟರ್. ಆ 90ನ್ನು 16.018ರಿಂದ ಗುಣಿಸಿದರೆ 1441.6; ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ. ಸಿಮೆಂಟು ಮೆಟ್ರಿಕ್ ಆದರೂ ಉಸುಕು, ಕಡಿ ಇನ್ನೂ ಬ್ರಾಸಿನಲ್ಲೇ ನಡೆಯುತ್ತವೆ. ಒಂದು ಬ್ರಾಸ್ ಎಂದರೆ ನೂರು ಘನ ಅಡಿ, 2.83 ಘನ ಮೀಟರ್. ಲಾರಿಯವನು ಬ್ರಾಸ್ ಹೇಳುತ್ತಾನೆ, ತೂಕದ ಕಾಟಾ ಟನ್ ಹೇಳುತ್ತದೆ. ನಡುವೆ ನಿಂತ ಮನೆ ಕಟ್ಟುವವನಿಗೆ ಬೇಕಾದದ್ದು ಉಸುಕಿನ ವಿಶಿಷ್ಟ ಗಾತ್ರವೇ. ಅಲ್ಲಿಯೂ ಷರತ್ತಿದೆ: ತೇವ. ನೂರಕ್ಕೆ ನಾಲ್ಕೈದರಷ್ಟು ತೇವ ಇದ್ದರೆ ಸಣ್ಣ ಉಸುಕು ಕಾಲುಪಾಲಿನಷ್ಟು ಉಬ್ಬಬಹುದು. ಪೂರ್ತಿ ನೆನೆದರೆ ಮತ್ತೆ ಇಳಿಯುತ್ತದೆ. ಹಸಿ ಉಸುಕನ್ನು ಫರ್ಮಾದಲ್ಲಿ ಅಳೆದು ಒಣ ಉಸುಕಿನ ಲೆಕ್ಕ ಹಾಕಿದರೆ ಕಾಂಕ್ರೀಟಿಗೆ ಉಸುಕು ಕಡಿಮೆ ಬೀಳುತ್ತದೆ. ಮುಧೋಳದ ಹಳೆಯ ಗೌಂಡಿಗಳು ಇದನ್ನು ಕೈಯಲ್ಲಿ ಹಿಡಿದು ಮುಷ್ಟಿ ಕಟ್ಟಿ ನೋಡಿಯೇ ಹೇಳುತ್ತಿದ್ದರು.

1983ರಲ್ಲಿ ಕೆನಡಾದಲ್ಲಿ ಒಂದು ವಿಮಾನಕ್ಕೆ ಆದದ್ದನ್ನು ನಾನು ತರಬೇತಿಗಳಲ್ಲಿ ಬಿಡದೆ ಹೇಳುತ್ತಿದ್ದೆ. ಏರ್ ಕೆನಡಾದ ಹೊಸ ಬೋಯಿಂಗ್ 767, ಜುಲೈ 23, ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ. ಇಂಧನದ ಮಾಪಕ ಕೆಟ್ಟಿತ್ತು, ಕಡ್ಡಿ ಇಳಿಸಿ ಅಳೆದರು: 7,682 ಲೀಟರ್. ಬೇಕಾದದ್ದು 22,300 ಕಿಲೋ. ಲೀಟರನ್ನು ತೂಕಕ್ಕೆ ತರಲು 1.77 ಎಂಬ ಅಂಕಿ ಬಳಸಿದರು. ಅದು ಲೀಟರಿಗೆ ಪೌಂಡುಗಳ ಅಂಕಿ. ಕಿಲೋ ಬೇಕಿದ್ದರೆ 0.803 ಆಗಬೇಕಿತ್ತು. ಇಪ್ಪತ್ತು ಸಾವಿರ ಲೀಟರ್ ತುಂಬಿಸುವ ಕಡೆ 4,917 ಲೀಟರ್ ತುಂಬಿಸಿದರು. ಆಕಾಶದಲ್ಲೇ ಇಂಧನ ಮುಗಿದು ಎಂಜಿನ್‌ಗಳು ನಿಂತವು. ಪೈಲಟ್‌ಗಳು ಗಾಳಿಯಲ್ಲಿ ತೇಲಿಸುತ್ತ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. 69 ಜನರೂ ಉಳಿದರು. ಒಂದು ಲೀಟರ್ ನೀರೇ ಒಂದು ಕಿಲೋ ಇರುವಾಗ, ನೀರಿಗಿಂತ ಹಗುರಾದ ಇಂಧನ ಲೀಟರಿಗೆ 1.77 ಕಿಲೋ ತೂಗುವುದು ಹೇಗೆ? ಪೈಲೇ ನೀರಿಗೆ ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಇದನ್ನು ಹೇಳಿ ಮುಗಿಸಿದಾಗ ಹುಡುಗರು ಪೆನ್ನು ಕೆಳಗಿಟ್ಟು ನೋಡುತ್ತಿದ್ದರು.

ಈಗ ನಿವೃತ್ತನಾಗಿದ್ದೇನೆ. ಅಣ್ಣನ ಮಗ ಹ್ಯೂಸ್ಟನ್‌ನಲ್ಲಿ ಪೈಪ್‌ಲೈನ್ ಲೆಕ್ಕದ ಕೆಲಸದಲ್ಲಿದ್ದಾನೆ. ಅಲ್ಲಿ ಇಂದಿಗೂ ಪೌಂಡು, ಘನ ಅಡಿ. ಅವನು ಕಲಿತದ್ದು ಬರೀ ಎಸ್‌ಐಯಲ್ಲಿ. ಹೋದ ವರ್ಷ ಒಂದು ರಾತ್ರಿ ಫೋನ್ ಮಾಡಿದ.

"ಕಾಕಾ, ಐವತ್ತು ಪಿಎಸ್‌ಐ ಸ್ಟೀಮ್ ಅದ. ಟೇಬಲ್‌ನಾಗ ಎಂಟೂವರೆ ಘನ ಅಡಿ ತೋರಸ್ತದ. ಕಿಲೋಕ್ಕ ಹಚ್ಚಿದ್ರ 0.53 ಘನ ಮೀಟರ್ ಬಂತು. ಪೈಪಿನಾಗ ವೇಗ ಭಾಳ ಆಗ್ಲಿಕತ್ಯಾದ. ಆರು ಇಂಚಿನ ಪೈಪ್ ಬಿಟ್ಟು ಎಂಟಕ್ಕ ಹೋಗಬೇಕೇನು?"

"ಗುಣಿಸಿದ್ದು ಖರೇ ಅದ. ಐವತ್ತು ಯಾವುದಪ್ಪಾ? ಗೇಜೋ, ಆಬ್ಸೊಲ್ಯೂಟೋ?"

ಕಾಗದದಲ್ಲಿ ಬರೆದಿರಲಿಲ್ಲ. ಬಾಯ್ಲರ್ ಕೊಟ್ಟವರಿಗೆ ಬರೆದು ಕೇಳು ಎಂದೆ. ವಾರದೊಳಗೆ ಉತ್ತರ ಬಂತಂತೆ, ಗೇಜ್ ಎಂದು. ಹಾಗಾದರೆ ಪೂರ್ಣ ಒತ್ತಡ 64.7, ಪೌಂಡಿಗೆ 6.7 ಘನ ಅಡಿ, ಕಿಲೋಗೆ 0.417 ಘನ ಮೀಟರ್. ವೇಗ ಮಿತಿಯೊಳಗೆ ಬಂತು, ಆರು ಇಂಚಿನ ಪೈಪೇ ಸಾಕಾಯಿತು.